ಸಮುದ್ರಕ್ಕೆ ಬೆನ್ನು ಹಾಕಿ ಹನ್ನೊಂದು ದಿನ

"ಏನೇ ಇದು, ಸಮುದ್ರ ಎಲ್ಲಿ?"

ಬಸ್ಸಿನಿಂದ ಇಳಿದು ಸೂಟ್‌ಕೇಸ್ ಕೆಳಗಿಟ್ಟ ಕೂಡಲೇ ಇವರು ಕೇಳಿದ ಮೊದಲ ಪ್ರಶ್ನೆ. ಎದುರಿಗೆ ಅಲೆಯೇ ಇಲ್ಲದ ನೀರು, ಅದರಾಚೆ ಹಸಿರು ಜೌಗು, ಅದಕ್ಕೂ ಆಚೆ ಗೆರೆ ಎಳೆದ ಹಾಗೆ ಮರಳು. ಮೈಸೂರಿನವರಿಗೆ ಸಮುದ್ರ ಅಂದರೆ ಅಲೆ ಬಡಿಯಲೇಬೇಕು. ನಾನು ಕುಂದಾಪುರದವಳು. ಇಳಿತದ ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ನನಗೆ ಗಂಗೊಳ್ಳಿ ಅಳಿವೆ ನೆನಪಾಯಿತು. "ತಡೀರಿ, ಸಮುದ್ರ ಆ ಮರಳಿನ ಹಿಂದಿದೆ" ಅಂದೆ.

ಊರು ಸಾಂತಾ ಲುಝಿಯಾ. ಪೋರ್ಚುಗಲ್‌ನ ದಕ್ಷಿಣ ತುದಿಯ ಅಲ್ಗಾರ್ವೆ ಸೀಮೆಯಲ್ಲಿ, ತವೀರಾ ಪಟ್ಟಣದಿಂದ ಮೂರು ಕಿಲೋಮೀಟರ್ ದೂರ. ಇವರು ರಿಟೈರ್ ಆದ ಮೇಲೆ ನಾವು ಹೊರಟ ಮೊದಲ ದೊಡ್ಡ ಪ್ರವಾಸ ಇದು. ಯಾವ ದಿನ ಎಲ್ಲಿ, ಎಷ್ಟು ಗಂಟೆಗೆ ಅಂತೆಲ್ಲ ಇವರು ಪಟ್ಟಿ ಪ್ರಿಂಟ್ ಹಾಕಿಸಿ ತಂದಿದ್ದರು. ಮೂರನೇ ದಿನ ಅದು ಅಂಜೂರದ ಕೆಳಗೆ ಹಾಸುವ ಕಾಗದವಾಯಿತು.

ಬಾಡಿಗೆ ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಇಂಗ್ಲಿಷ್ ಬರುವುದಿಲ್ಲ. ಬೀಗದ ಕೈ ತೋರಿಸಿ "ಶಾವ್" ಅಂದರು. ನಾನು "ಚಾವಿ!" ಅಂದೆ. ಬಚ್ಚಲಲ್ಲಿದ್ದದ್ದು "ಬಾಲ್ದ್", ನಮ್ಮ ಬಾಲ್ದಿ. ಅಡುಗೆಮನೆಯ ಬುಟ್ಟಿಯಲ್ಲಿದ್ದದ್ದು "ಬತಾತ", ನಮ್ಮ ಬಟಾಟೆ. ಐನೂರು ವರ್ಷಕ್ಕೂ ಹಿಂದೆ ಪೋರ್ಚುಗೀಸರ ಹಡಗುಗಳು ನಮ್ಮ ಕರಾವಳಿಗೆ ಬಂದು ಏನೇನು ಮಾಡಿದವು ಅನ್ನುವುದು ಬೇರೆ ಕಥೆ. ಆ ಬೆಳಗ್ಗೆ ಮಾತ್ರ ಒಂದು ಚಾವಿ ಸಿಕ್ಕಿದ್ದಕ್ಕೆ ಅಜ್ಜಿಯೂ ನಾನೂ ಕೈ ಹಿಡಿದುಕೊಂಡು ನಕ್ಕೆವು.

ಮನೆಗೆ ಬಿಳಿ ಸುಣ್ಣ, ಮೇಲೆ ಚಪ್ಪಟೆ ತಾರಸಿ. ಈ ಸೀಮೆಯ ಹಳೇ ಮನೆಗಳಲ್ಲಿ ತಾರಸಿ ಇರುವುದೇ ಅಂಜೂರ, ಬಾದಾಮಿ ಒಣಗಿಸಲಿಕ್ಕೆ. ಸೆಪ್ಟೆಂಬರ್ ಕೊನೆಯ ಬಿಸಿಲು, ಅಜ್ಜಿ ಕೊಟ್ಟ ಒಂದು ಬುಟ್ಟಿ ಅಂಜೂರ. ನಾನು ಹರವಿದೆ. ಇವರು ಹಲಸಿನ ಹಪ್ಪಳಕ್ಕೆ ಕಾಗೆ ಕಾಯುವ ಹಾಗೆ ಕೈಯಲ್ಲಿ ಕೋಲು ಹಿಡಿದು ಕೂತರು. ಇಲ್ಲಿ ಬಂದದ್ದು ಕಡಲಹಕ್ಕಿ. ಅದಕ್ಕೆ ಕೋಲಿನ ಭಯವಿಲ್ಲ, ಅಂಜೂರದ ಆಸೆಯೂ ಇಲ್ಲ. ಸುಮ್ನೆ ಇವರನ್ನೇ ನೋಡುತ್ತಿತ್ತು.

ಸಾಂತಾ ಲುಝಿಯಾ ಆಕ್ಟೋಪಸ್‌ಗೆ ಹೆಸರುವಾಸಿ. ದೋಣಿಕಟ್ಟೆಯ ಮೇಲೆ ಮಡಕೆಗಳ ರಾಶಿ. ಈಗ ಜಾಸ್ತಿ ಪ್ಲಾಸ್ಟಿಕ್ಕಿನವು. ನನಗೆ ಕಂಡ ಒಂದು ಮಣ್ಣಿನದು, ಚೊಂಬಿಗಿಂತ ಕೊಂಚ ದೊಡ್ಡದು. ಬಾಯಿಯ ಸುತ್ತ ಹಗ್ಗ ಉಜ್ಜಿ ಉಜ್ಜಿ ನುಣುಪು. ಮೈತುಂಬ ಬಿಳಿ ಚಿಪ್ಪುಗಳು ಅಂಟಿ, ಮುಟ್ಟಿದರೆ ಅಂಗೈ ತರಚುತ್ತದೆ. ಇವನ್ನು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿ ಕಡಲ ತಳಕ್ಕೆ ಇಳಿಸುತ್ತಾರೆ. ಒಳಗೆ ಮೀನು, ಗಾಳ ಏನೂ ಇಡುವುದಿಲ್ಲ. ಆಕ್ಟೋಪಸ್‌ಗೆ ಅಡಗಲಿಕ್ಕೆ ಗೂಡು ಬೇಕು, ಖಾಲಿ ಮಡಕೆ ಕಂಡರೆ ತಾನಾಗಿ ಹೋಗಿ ಕೂರುತ್ತದೆ. ಎತ್ತುವಾಗಲೂ ಹೊರಗೆ ಬರದೆ ಒಳಗೇ ಅಂಟಿಕೊಳ್ಳುತ್ತದೆ. ಮುಕ್ಕಾಲು ಕಿಲೋಗಿಂತ ಚಿಕ್ಕದಾದರೆ ವಾಪಸ್ ಬಿಡಬೇಕು, ಕಾನೂನು.

ಇದನ್ನು ಕೇಳಿದ ಮೇಲೆ ಇವರು, "ಪಾಪ, ಬಾಡಿಗೆ ಮನೆ ಅಂತ ನಂಬಿ ಬಂದದ್ದು" ಅಂದರು. ನಾನು ಬೊಂಡಾಸ್, ಅಂದರೆ ಸ್ಕ್ವಿಡ್, ತಿಂದು ಬೆಳೆದವಳು. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕೊತ್ತಂಬರಿ ಸೊಪ್ಪು ಹಾಕಿದ್ದನ್ನು ಪೂರ್ತಿ ಮುಗಿಸಿದೆ.

ಇವರಿಗೆ ಸಿಕ್ಕಿದ್ದು ಕ್ಯಾರೆಟ್. ಕೂತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಬೆಳ್ಳುಳ್ಳಿ, ಜೀರಿಗೆ, ವಿನೆಗರ್ ಹಾಕಿದ ಬೇಯಿಸಿದ ಕ್ಯಾರೆಟ್ ತಂದಿಟ್ಟರು. "ಎಂಥಾ ಉಪಚಾರ ನೋಡು" ಅಂತ ಮೂರು ಸಲ ತರಿಸಿಕೊಂಡು ತಿಂದರು. ಬಿಲ್ಲಿನಲ್ಲಿ ಅದು ನನ್ನ ಆಕ್ಟೋಪಸ್‌ಗೆ ಸರಿಸಮ ಬಂತು. ಇಲ್ಲಿ ಅದು ಪದ್ಧತಿಯಂತೆ, ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಬೇಕು. ಅಂದು ರಾತ್ರಿ ಇವರು ಮಾತಾಡಲಿಲ್ಲ.

ನಿಜವಾದ ಕಡಲು ನೋಡಿದ್ದು ಬಾರಿಲ್ ಎಂಬಲ್ಲಿ. ಸೇತುವೆ ದಾಟಿದರೆ ಪುಟ್ಟ ರೈಲು ಇದೆ, ಒಂದು ಕಿಲೋಮೀಟರ್ ಚಿಲ್ಲರೆ ದೂರ. ನಾವು ನಡೆದೆವು. ಪಕ್ಕದ ಕೆಸರಿನಲ್ಲಿ ಒಂದೇ ಕೊಂಡಿ ದಪ್ಪಗಿರುವ ಸಣ್ಣ ಏಡಿಗಳು, ಅದನ್ನು ಬಾ ಬಾ ಅನ್ನುವ ಹಾಗೆ ಆಡಿಸುತ್ತವೆ. ಕಾಲ ಸಪ್ಪಳಕ್ಕೆ ನೂರೂ ಒಟ್ಟಿಗೆ ಬಿಲದೊಳಗೆ. ಮರಳ ದಿಬ್ಬದಲ್ಲಿ ಸಾಲು ಸಾಲಾಗಿ ತುಕ್ಕು ಹಿಡಿದ ಲಂಗರುಗಳು. ಟ್ಯೂನಾ ಮೀನಿನ ದೊಡ್ಡ ಬಲೆಗಳನ್ನು ಕಡಲಲ್ಲಿ ಹಿಡಿದು ನಿಲ್ಲಿಸುತ್ತಿದ್ದವು ಇವು. 1960ರ ದಶಕದಲ್ಲಿ ಆ ಕಸುಬು ನಿಂತುಹೋಯಿತು. ಮೀನುಗಾರರಿದ್ದ ಮನೆಗಳಲ್ಲಿ ಈಗ ಕಾಫಿ, ಐಸ್‌ಕ್ರೀಮ್. ಗಂಗೊಳ್ಳಿಯಲ್ಲಿ ಲಂಗರು ಹೀಗೆ ಖಾಲಿ ಬಿದ್ದದ್ದು ನಾನು ನೋಡಿಲ್ಲ. ಫೋಟೋ ತೆಗೆಯುವವರ ನಡುವೆ ನನಗ್ಯಾಕೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ.

ನಮ್ಮ ಅಪ್ಪನ ಮನೆಯಿಂದ ಸಮುದ್ರ ಕಾಣುತ್ತಿತ್ತು. ಆದರೆ ಯಾರೂ ಅದನ್ನು ನೋಡುತ್ತಾ ಕೂತದ್ದಿಲ್ಲ. ಇಲ್ಲೂ ಅಷ್ಟೇ. ದಿನಾ ಸಂಜೆ ದಂಡೆಯ ಬೆಂಚಿನಲ್ಲಿ ನಾಲ್ಕು ಮುದುಕರು ಇಸ್ಪೀಟು ಆಡುತ್ತಾರೆ, ನಾಲ್ವರೂ ನೀರಿಗೆ ಬೆನ್ನು ಹಾಕಿ. ನಮ್ಮಂಥ ಬಂದವರು ಮಾತ್ರ ನೀರಿನ ಕಡೆ ಮುಖ.

ಹನ್ನೊಂದನೇ ದಿನ ನಾನು ಅಜ್ಜಿಗೆ ಚಾವಿ ಕೊಟ್ಟು, ಒಣಗಿದ ಅಂಜೂರ ಕಟ್ಟಿಕೊಂಡು ಬರುವಾಗ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಇವರು ಕಾಣಲಿಲ್ಲ. ಹುಡುಕಿದರೆ ಅದೇ ಬೆಂಚಿನ ತುದಿಯಲ್ಲಿ, ಐದನೆಯವರಾಗಿ, ಒಬ್ಬರ ಎಲೆಗಳನ್ನು ಬಗ್ಗಿ ನೋಡುತ್ತಿದ್ದಾರೆ. ಹಿಂದೆ ಭರತದ ನೀರು ದೋಣಿಗಳನ್ನು ಎತ್ತುತ್ತಿತ್ತು. "ಬಸ್ಸು ಬರ್ತದೆ ಕಣ್ರೀ" ಅಂದೆ. ತಿರುಗದೆಯೇ ಕೈ ಎತ್ತಿ, "ಈ ಆಟ ಮುಗೀಲಿ ಇರು" ಅಂದರು.