ಮೆಜೆಸ್ಟಿಕ್‌ನಲ್ಲಿ ದೊಡ್ಡಪ್ಪನ್ನ ಹುಡುಕಿದ್ದು

ನಮ್ ದೊಡ್ಡಪ್ಪಂಗೆ ಮರೆವಿನ ಕಾಯಿಲೆ. ಬೆಳಗ್ಗೆ ತಿಂಡಿ ತಿಂದಿದ್ದು ನೆನಪಿರಲ್ಲ, ಆದ್ರೆ ಹುಡುಗನಾಗಿದ್ದಾಗ ಚಿಕ್ಕಪೇಟೆಯ ಬಟ್ಟೆ ಅಂಗಡೀಲಿ ಲೆಕ್ಕ ಬರೀತಿದ್ದದ್ದು, ಸಾಹುಕಾರ್ರು ಏನಂದ್ರು, ಯಾವ ಬೀರೂಲಿ ಯಾವ ಸೀರೆ ಇತ್ತು ಎಲ್ಲಾ ಹೇಳ್ತಾರೆ. ನಾಮಕರಣಕ್ಕೆ ಅಂತ ಅಣ್ಣ ಅತ್ತಿಗೆ ಅರಸೀಕೆರೆಯಿಂದ ಟ್ರೈನಲ್ಲಿ ಕರ್ಕೊಂಡು ಬಂದಿದ್ರು. ಬೆಂಗಳೂರು ಸಿಟಿ ಸ್ಟೇಷನ್ನಲ್ಲಿ ಇಳಿದು ಬ್ಯಾಗುಗಳನ್ನ ಕೆಳಗಿಟ್ಟು ತಿರುಗಿ ನೋಡೋಷ್ಟರಲ್ಲಿ ದೊಡ್ಡಪ್ಪ ಇಲ್ಲ. ಆ ಜನಜಂಗುಳಿ ಗೊತ್ತಲ್ಲ, ಎರಡು ಹೆಜ್ಜೆ ಆಚೆ ಹೋದ್ರೆ ಮನುಷ್ಯ ಕಾಣಲ್ಲ. ಅಣ್ಣ ಫೋನ್ ಮಾಡ್ದಾಗ ಅವನ ದನಿ ಕೇಳೇ ನನ್ ಕೈಕಾಲು ತಣ್ಣಗಾಯ್ತು. ಅವರ ಹತ್ರ ಮೊಬೈಲಿಲ್ಲ, ಜೇಬಲ್ಲಿ ದುಡ್ಡಿಲ್ಲ, ಯಾರಾದ್ರೂ ಹೆಸರು ಕೇಳಿದ್ರೆ ಒಮ್ಮೊಮ್ಮೆ ತಮ್ಮ ಅಪ್ಪನ ಹೆಸರು ಹೇಳ್ತಾರೆ.

ನಾನು ಆಫೀಸಿಂದ ಬರೋಷ್ಟರಲ್ಲಿ ಅನೌನ್ಸ್‌ಮೆಂಟ್ ಮಾಡಿಸಿ ಆಗಿತ್ತು, ರೈಲ್ವೆ ರಕ್ಷಣಾ ಪಡೆ, ಅದೇ ಆರ್‌ಪಿಎಫ್‌ನೋರು ಕ್ಯಾಮೆರಾ ನೋಡೋಕೆ ಅಣ್ಣನ್ನ ಒಳಗೆ ಕರೆದಿದ್ರು, ಅವನಿಗೆ ಕಣ್ಣಲ್ಲಿ ನೀರು ನಿಲ್ತಿರ್ಲಿಲ್ಲ ಅದಕ್ಕೆ ನಾನೂ ಜೊತೆಗೆ ಹೋದೆ. ಗೋಡೆ ತುಂಬಾ ಸ್ಕ್ರೀನು. ಅಲ್ಲಿ ಕೂತಿದ್ದ ಮಹಿಳಾ ಕಾನ್‌ಸ್ಟೇಬಲ್ ಬಾಗಲಕೋಟೆ ಕಡೆಯೋರು ಅಂತ ಮಾತಲ್ಲೇ ಗೊತ್ತಾಗ್ತಿತ್ತು. ನಾನು ದೊಡ್ಡಪ್ಪನ ಫೋಟೋ ತೆಗೆದು ತೋರಿಸ್ದೆ. ಒಂದ್ಸಲ ನೋಡಿ, "ಮಾರಿ ಇರ್ಲಿ ಬಿಡ್ರಿ, ಕ್ಯಾಮೆರಾ ಮ್ಯಾಲಿಂದ ನೋಡ್ತಾವು, ತಲಿ ಹೆಗಲ ಅಷ್ಟ ಕಾಣ್ತಾವ. ಅಜ್ಜಾರು ಹ್ಯಾಂಗ ನಡೀತಾರ, ಅದನ್ನ ಹೇಳ್ರಿ" ಅಂದ್ರು. ಎಡಗಾಲು ಸ್ವಲ್ಪ ಎಳೀತಾರೆ, ಬಲಗೈ ಬೆನ್ನ ಹಿಂದೆ ಇಟ್ಕೊಂಡೇ ನಡೀತಾರೆ ಅಂದೆ. "ಹಾಂ, ಇದು ಬೇಕಿತ್ತ ನೋಡ್ರಿ" ಅಂದ್ರು.

ಆಮೇಲೆ ಆಕೆ ದೊಡ್ಡಪ್ಪನ್ನ ಹುಡುಕಲೇ ಇಲ್ಲ, ಟ್ರೈನು ಬಂದು ನಿಂತಿದ್ದನ್ನ ಹುಡುಕಿದ್ರು. ಒಂದು ಕ್ಯಾಮೆರಾ ಗಡಿಯಾರಕ್ಕೂ ಇನ್ನೊಂದಕ್ಕೂ ಹಿಂದೆ ಮುಂದೆ ಇರಬಹುದು, ನಮ್ಮ ವಾಚಿಗಂತೂ ಹೊಂದಲ್ಲ, ಟ್ರೈನು ನಿಂತ ಗಳಿಗೆ ಸಿಕ್ಕಿದ್ರೆ ಅಲ್ಲಿಂದ ಲೆಕ್ಕ ಹಾಕ್ಬಹುದು ಅಂತ. ಟ್ರೈನಿಂದ ಬೋಗಿ ಬಾಗಿಲು, ಬಾಗಿಲಿಂದ ಅತ್ತಿಗೆಯ ಹಳದಿ ಸೀರೆ, ಸೀರೆ ಪಕ್ಕದಲ್ಲಿ ದೊಡ್ಡಪ್ಪ! ಬಿಳಿ ಪಂಚೆ ಬಿಳಿ ಅಂಗಿಯೋರು ಆ ಪ್ಲಾಟ್‌ಫಾರ್ಮಲ್ಲಿ ಎಷ್ಟು ಜನ ಇದ್ರೋ, ಬೆನ್ನ ಹಿಂದೆ ಕೈ ಇಟ್ಟಿದ್ದು ಒಬ್ಬರೇ. ಯಾರೋ ಕರೆದ ಹಾಗೆ ನೆಟ್ಟಗೆ ಗೇಟಿನ ಕಡೆ ಹೊರಟುಬಿಟ್ರು, ಒಂದ್ಸಲವೂ ಹಿಂದೆ ನೋಡ್ಲಿಲ್ಲ.

ಹೀಗೆ ಓಡಿಸ್ತಾ ನಿಲ್ಲಿಸ್ತಾ ಇರೋವಾಗ ಮೂಲೇಲಿ ಇನ್ನೊಬ್ಬರು ಕಂಡ್ರು. ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಹೆಂಗಸು, ಸೆರಗಲ್ಲಿ ಮುಖ ಮುಚ್ಕೊಂಡು ಅಳ್ತಾ ಇದ್ರು, ಆಮೇಲೆ ಅತ್ತಿತ್ತ ನೋಡಿ ಕಣ್ಣೊರೆಸಿಕೊಂಡು ಕೂದಲು ಸರಿ ಮಾಡ್ಕೊಂಡ್ರು. ಯಾರೂ ನೋಡ್ಲಿಲ್ಲ ಅಂತ ಅವರಿಗೆ ಸಮಾಧಾನ. ನಾನು ನೋಡ್ಬಿಟ್ಟಿದ್ದೆ, ಬೇರೆ ಯಾರದೋ ಮನೆ ಕಿಟಕಿ ಇಣುಕಿದ ಹಾಗಾಯ್ತು. ಒಳಗೆ ಬರೋವಾಗ್ಲೇ ಮೊಬೈಲ್ ಟೇಬಲ್ ಮೇಲಿಡಿ, ಸ್ಕ್ರೀನ್ ಫೋಟೋ ತೆಗೆಯೋ ಹಾಗಿಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ರು, ಅದು ಎಷ್ಟು ಸರಿ ಅಂತ ಆಗ ಅನ್ನಿಸ್ತು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳು ಖಾಸಗಿತನ ಮೂಲಭೂತ ಹಕ್ಕು ಅಂದ್ರಲ್ಲ, ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಸ್ಟೇಷನ್ ಕಂಬದ ಕೆಳಗೆ ಕೂತ ಆ ಹೆಂಗಸಿಗೂ ಇದೆ ತಾನೇ. ದೇವನಹಳ್ಳಿ ಏರ್‌ಪೋರ್ಟಲ್ಲಿ 2022ರ ಡಿಸೆಂಬರಿಂದ ಡಿಜಿ ಯಾತ್ರಾ ಇದೆ, ಅಲ್ಲಿ ಮುಖ ತೋರಿಸಿ ಒಳಗೆ ಹೋಗೋದು ನಮ್ಮಿಷ್ಟ, ಬೇಡ ಅಂದ್ರೆ ಐಡಿ ಕಾರ್ಡ್ ತೋರಿಸಿ ಹೋಗ್ಬಹುದು, ವಿಮಾನ ಹೋದ 24 ಗಂಟೆ ಒಳಗೆ ಡೇಟಾ ಅಳಿಸ್ತೀವಿ ಅಂತಾನೂ ಹೇಳ್ತಾರೆ. ಸ್ಟೇಷನ್ ಕ್ಯಾಮೆರಾ ಮುಂದೆ ಬೇಕು ಬೇಡ ಅನ್ನೋಕೆ ಯಾರಿಗೂ ದಾರಿ ಇಲ್ಲ, ಅದಕ್ಕೇ ಆ ರೂಮಲ್ಲಿ ಕೂರೋರು ಎಂಥೋರು ಅನ್ನೋದು ಅಷ್ಟು ಮುಖ್ಯ.

ದೊಡ್ಡಪ್ಪ ಗೇಟು ದಾಟಿ ಸಬ್‌ವೇ ಮೆಟ್ಟಿಲು ಇಳಿದ್ರು. ಅಲ್ಲಿಗೆ ರೈಲ್ವೆ ಕ್ಯಾಮೆರಾ ಮುಗೀತು. ಮೆಜೆಸ್ಟಿಕ್ಕಲ್ಲಿ ಸ್ಟೇಷನ್ನು ರೈಲ್ವೆದು, ಬಸ್ ಸ್ಟ್ಯಾಂಡು ಸಾರಿಗೆ ನಿಗಮದ್ದು, ಮೆಟ್ರೋದು ಅದರದ್ದೇ ಬೇರೆ, ರೋಡಿಂದು ಸಿಟಿ ಪೊಲೀಸ್ರದ್ದು. ನಡೆದ್ರೆ ಹತ್ತು ನಿಮಿಷದ ಜಾಗ. ಒಬ್ಬರ ಸ್ಕ್ರೀನಿಂದ ಮನುಷ್ಯ ಆಚೆ ಹೋದ್ರೆ ಇನ್ನೊಬ್ಬರ ಹತ್ರ ಹೋಗಿ ಮತ್ತೆ ಮೊದಲಿಂದ ಎಲ್ಲಾ ಹೇಳ್ಬೇಕು, ಹೆಸರು, ವಯಸ್ಸು, ಪಂಚೆ, ಕಾಲು ಎಳೆಯೋದು. ಎಲ್ರೂ ಒಳ್ಳೇ ಮಾತಾಡಿಸಿದ್ರು, ಸುಳ್ಳು ಹೇಳಲ್ಲ, ಆದ್ರೆ ಅಷ್ಟು ಹೊತ್ತಲ್ಲಿ ಆ ವಯಸ್ಸಿನೋರು ಬಿಸಿಲಲ್ಲಿ ಎಷ್ಟು ದೂರ ಹೋಗಿರ್ತಾರೋ, ಯಾವ ಬಸ್ ಹತ್ತಿರ್ತಾರೋ ಅಂತ ಎದೆ ಡವಗುಟ್ತಿತ್ತು.

ಬಸ್ ಹತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಕ್ಯಾಮೆರಾದಲ್ಲಿ ನೆಟ್ಟಗೆ ದಾಟಿ ಉಪ್ಪಾರಪೇಟೆ ಕಡೆ ಹೋಗಿದ್ದು ಸಿಕ್ತು. ಅದನ್ನ ನೋಡಿದ್ ತಕ್ಷಣ ಅಣ್ಣ "ಅಂಗಡಿಗೆ ಹೋಗ್ತಿದಾರೆ ಕಣೇ" ಅಂದ. ಹೌದಲ್ಲ, ಚಿಕ್ಕಪೇಟೆ! ಅಲ್ಲಿಂದ ಮುಂದೆ ಅಂಗಡಿಯೋರ ಕ್ಯಾಮೆರಾಗಳೇ ನಮ್ಮ ಕೈ ಹಿಡಿದಿದ್ದು. ಜನ ಹೆಚ್ಚು ಸೇರೋ ಕಡೆ ಸಿಸಿ ಕ್ಯಾಮೆರಾ ಇರಬೇಕು, 30 ದಿನ ರೆಕಾರ್ಡಿಂಗ್ ಇಟ್ಕೋಬೇಕು ಅಂತ ಕರ್ನಾಟಕದಲ್ಲಿ 2017ರ ಕಾನೂನೇ ಇದೆ, ಆದ್ರೆ ಸಣ್ಣ ಅಂಗಡಿಯೋರು ವ್ಯಾಪಾರ ಬಿಟ್ಟು ನಮಗೋಸ್ಕರ ಹಿಂದಕ್ಕೆ ಓಡಿಸಿ ತೋರಿಸಿದ್ದು ಯಾವ ಕಾನೂನಿಗೂ ಅಲ್ಲ. ಪೊಲೀಸ್ ಒಬ್ಬರು ಜೊತೆಗೆ ಬಂದಿದ್ರು. ಬಳೇಪೇಟೆಯಲ್ಲಿ, ತಬಲ ಹಾರ್ಮೋನಿಯಂ ಮಾರ್ತಾರಲ್ಲ ಆ ಸಾಲಲ್ಲಿ, ಒಂದು ಅಂಗಡಿ ಕಟ್ಟೆ ಮೇಲೆ ಕೂತಿದ್ರು ದೊಡ್ಡಪ್ಪ. ಅಂಗಡಿ ಹುಡುಗ ಟೀ ಕೊಡಿಸಿದ್ದ. ನನ್ನ ನೋಡಿ "ಯಾಕಮ್ಮ ಇಷ್ಟು ಲೇಟು, ಸಾಹುಕಾರ್ರು ಬೈತಾರೆ" ಅಂದ್ರು. ಅತ್ತಿಗೆ ಅಲ್ಲೇ ಕೂತು ಅತ್ತುಬಿಟ್ರು.

ಮನೇಲಿ ವಯಸ್ಸಾದೋರನ್ನೋ ಮಕ್ಕಳನ್ನೋ ಕರ್ಕೊಂಡು ಹೊರಡೋರು ಇದೊಂದು ಮಾಡಿ, ಹೊರಡೋ ದಿನ ಹಾಕಿರೋ ಬಟ್ಟೇಲೇ ತಲೆಯಿಂದ ಚಪ್ಪಲಿವರೆಗೆ ಒಂದು ಫೋಟೋ, ಹಿಂದಿನಿಂದ ನಡೆಯೋದು ಒಂದು ಸಣ್ಣ ವಿಡಿಯೋ ಮೊಬೈಲಲ್ಲಿ ಇಟ್ಕೊಳಿ. ಆ ಕಾನ್‌ಸ್ಟೇಬಲ್ ಹೇಳಿಕೊಟ್ಟಿದ್ದು. ಯಾರಾದ್ರೂ ಕಳೆದುಹೋದ್ರೆ, ಟ್ರೈನಲ್ಲಿ ಸ್ಟೇಷನ್ನಲ್ಲಿ ಆದ್ರೆ 139ಕ್ಕೆ, ಹೊರಗಡೆ ಆದ್ರೆ 112ಕ್ಕೆ ಫೋನ್ ಮಾಡಿ. ಕ್ಯಾಮೆರಾ ಹಾಕೋಕೆ ಹೆಂಗಸರ ಸುರಕ್ಷತೆಗೆ ಅಂತ ಕೇಂದ್ರ ಸರ್ಕಾರ ಇಟ್ಟಿರೋ ನಿರ್ಭಯಾ ನಿಧಿಯಿಂದ ಹಿಡಿದು ಎಲ್ಲೆಲ್ಲಿಂದಲೋ ದುಡ್ಡು ಬರುತ್ತೆ, ಬರ್ಲಿ, ಇನ್ನೂ ಹಾಕ್ಲಿ, ನಾನಂತೂ ಬೇಡ ಅನ್ನಲ್ಲ. ಮೆಜೆಸ್ಟಿಕ್ಕಂಥ ಜಾಗದಲ್ಲಿ ಒಂದು ಟೇಬಲ್ ಇಟ್ಟು ರೈಲ್ವೆ, ಬಸ್ಸು, ಮೆಟ್ರೋ, ಪೊಲೀಸು ನಾಲ್ಕೂ ಕಡೆಯೋರನ್ನ ಅಕ್ಕಪಕ್ಕ ಕೂರಿಸಿ, ಕಳೆದುಹೋದೋರ ವಿಷಯ ಒಂದೇ ಸಲ ಹೇಳಿದ್ರೆ ಸಾಕು ಅನ್ನೋ ಹಾಗೆ ಮಾಡ್ಲಿ ಅಂತ ಕೇಳ್ತಿದೀನಿ ಅಷ್ಟೇ.