ಸಂಬಳ ಕೊಡದ ಬೊಹೀಮಿಯನ್ಸ್

ಡಬ್ಲಿನ್ನಿನ ಬೊಹೀಮಿಯನ್ಸ್ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದು 1890ರ ಸೆಪ್ಟೆಂಬರ್ 6ರಂದು, ಫೀನಿಕ್ಸ್ ಪಾರ್ಕಿನ ಗೇಟಿನ ಪಕ್ಕದ ಕಾವಲು ಮನೆಯಲ್ಲಿ. ಸೇರಿದವರು ಬಹುಪಾಲು ವಿದ್ಯಾರ್ಥಿಗಳು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ ಹುಡುಗರೂ ಇದ್ದರು. ಸ್ವಂತ ಮೈದಾನ ಇರಲಿಲ್ಲ. ಮೊದಲು ಪಾರ್ಕಿನ ಪೋಲೊ ಮೈದಾನ, ಆಮೇಲೆ ಜೋನ್ಸ್ ರೋಡ್ (ಈಗಿನ ಕ್ರೋಕ್ ಪಾರ್ಕ್ ಅದೇ ಜಾಗ), ಮತ್ತೆ ಇನ್ನೆಲ್ಲೋ. ‘ಜಿಪ್ಸಿಗಳು’ ಎಂಬ ಅಡ್ಡಹೆಸರು ಈ ಅಲೆದಾಟಕ್ಕೆ ಚೆನ್ನಾಗಿ ಒಪ್ಪುತ್ತದೆ.

1901ರ ಸೆಪ್ಟೆಂಬರ್ 7ರಂದು ಫಿಬ್ಸ್‌ಬರೊದ ಡ್ಯಾಲಿಮೌಂಟ್ ಪಾರ್ಕ್‌ನಲ್ಲಿ ಶೆಲ್ಬೋರ್ನ್ ವಿರುದ್ಧ 4-2ರಿಂದ ಗೆದ್ದು ಕ್ಲಬ್ ಒಂದು ಕಡೆ ನೆಲೆ ನಿಂತಿತು. ಮನೆಗಳ ಸಾಲಿನ ಹಿಂದೆ ಹುದುಗಿಕೊಂಡಿರುವ ಮೈದಾನ ಅದು. ಓಣಿಯಲ್ಲಿ ನುಗ್ಗಿ ಒಳಗೆ ಹೋಗಬೇಕು. ಐರ್ಲೆಂಡ್ ತಂಡದ ಅಂತರರಾಷ್ಟ್ರೀಯ ಪಂದ್ಯಗಳೂ ದಶಕಗಳ ಕಾಲ ಇಲ್ಲೇ ನಡೆದವು.

ಕ್ಲಬ್ಬಿನ ನಿಯಮ ಒಂದೇ: ಆಡುವವರಿಗೆ ಸಂಬಳವಿಲ್ಲ. 1927-28ರವರೆಗೂ ಇದರಿಂದ ತೊಂದರೆ ಆದಂತೆ ಕಾಣುವುದಿಲ್ಲ. ಆ ಒಂದೇ ಋತುವಿನಲ್ಲಿ ಲೀಗ್, ಎಫ್‌ಎಐ (ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಕಪ್, ಶೀಲ್ಡ್, ಲೀನ್‌ಸ್ಟರ್ ಸೀನಿಯರ್ ಕಪ್ ನಾಲ್ಕೂ ಬೊಹೀಮಿಯನ್ಸ್ ಪಾಲಾದವು. ಕಾಲೇಜು ಹುಡುಗರಿಗೆ, ಡಾಕ್ಟರುಗಳಿಗೆ ಫುಟ್‌ಬಾಲ್ ಹೊಟ್ಟೆಪಾಡಲ್ಲ. ಸಂಬಳ ಕೇಳದೆ ಆಡುವವರು ಸಿಗುತ್ತಿದ್ದರು. ಕೆವಿನ್ ಓಫ್ಲಾನಗನ್ ವೈದ್ಯಕೀಯ ಓದುತ್ತಲೇ ಇಲ್ಲಿ ಆಡಿ, ಮುಂದೆ ಲಂಡನ್ನಿನಲ್ಲಿ ಡಾಕ್ಟರಾಗಿ ಆರ್ಸೆನಲ್‌ಗೂ ಹವ್ಯಾಸಿಯಾಗಿಯೇ ಆಡಿದರು. ಐರ್ಲೆಂಡ್ ಪರ ಫುಟ್‌ಬಾಲ್, ರಗ್ಬಿ ಎರಡನ್ನೂ ಆಡಿದವರು. 1946ರ ಸೆಪ್ಟೆಂಬರ್ 30ರಂದು ಡ್ಯಾಲಿಮೌಂಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅವರೂ ತಮ್ಮ ಮಿಕ್ ಕೂಡ ಜೊತೆಯಾಗಿ ಕಣಕ್ಕಿಳಿದರು.

ಆದರೆ ಅದೇ ನಿಯಮದಲ್ಲಿ ಒಂದು ತೂತಿತ್ತು. ವೃತ್ತಿಪರ ಆಟಗಾರ ಕರಾರಿಗೆ ಸಹಿ ಹಾಕಿರುತ್ತಾನೆ. ಅವನು ಬೇಕೆಂದರೆ ಕ್ಲಬ್ಬಿಗೆ ಹಣ ಕೊಟ್ಟೇ ಬಿಡಿಸಿಕೊಳ್ಳಬೇಕು. ಹವ್ಯಾಸಿಗೆ ಅಂಥ ಕಟ್ಟು ಇಲ್ಲ. ಹುಡುಗನನ್ನು ತಿದ್ದಿ ತೀಡಿ ತಯಾರು ಮಾಡಿದರೆ ಪಕ್ಕದವರು ವಾರಕ್ಕಿಷ್ಟು ಎಂದು ಆಸೆ ತೋರಿಸಿ ಕರೆದೊಯ್ಯುತ್ತಾರೆ, ಇವರ ಕೈಗೆ ಕಾಸೂ ಇಲ್ಲ. 1936ರಲ್ಲಿ ಗೆದ್ದ ಲೀಗ್ ಪಟ್ಟ ಮತ್ತೆ ಬಂದದ್ದು 1975ರಲ್ಲಿ. ಮೂವತ್ತೊಂಬತ್ತು ವರ್ಷಗಳ ಬರ! ಪಟ್ಟು ಸಡಿಲಿಸಲು ಇಷ್ಟು ಕಾಲ ಬೇಕಿತ್ತೇ ಎನಿಸುತ್ತದೆ.

ಸಡಿಲಿಸಿದ್ದು 1969ರಲ್ಲಿ. ಸಂಬಳ ಪಡೆದ ಮೊದಲಿಗ ಟೋನಿ ಓಕಾನೆಲ್. ಮರುವರ್ಷವೇ ಎಫ್‌ಎಐ ಕಪ್ ಫೈನಲ್. ಸ್ಲೈಗೊ ರೋವರ್ಸ್ ಜೊತೆ ಎರಡು ಸಲ ಸಮಬಲ, ಮೂರನೇ ಪಂದ್ಯದಲ್ಲಿ 2-1ರ ಗೆಲುವು. ಆ ಕಪ್ಪನ್ನು ಕ್ಲಬ್ ಹಿಂದೆ ಎತ್ತಿದ್ದು 1935ರಲ್ಲಿ.

ಡ್ಯಾಲಿಮೌಂಟ್ ಈಗ ಡಬ್ಲಿನ್ ನಗರಸಭೆಯದು, 2015ರಲ್ಲಿ ಕೊಂಡುಕೊಂಡಿತು. ಕ್ಲಬ್ ಮಾತ್ರ ಇಂದಿಗೂ ಸದಸ್ಯರದೇ.