ಕೇಬಲ್ ತುಂಡಾದ ದಿನ ಗ್ರಾಹಕರಿಗೆ ಹೇಳಬೇಕಾದದ್ದು

ತೀರ್ಥಹಳ್ಳಿ ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆಯೊಂದರ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮಲ್ಲಿರುವುದು ಆರುನೂರರ ಆಸುಪಾಸಿನ ಸಂಪರ್ಕಗಳು. ಕಂಬ ಹತ್ತಿ ಕೇಬಲ್ ಜೋಡಿಸುವವರು ಇಬ್ಬರು. ಫೋನ್ ಎತ್ತುವುದು, ದೂರು ಬರೆದುಕೊಳ್ಳುವುದು, ಬಿಲ್ ಮಾಡುವುದು ನನ್ನ ಪಾಲಿನ ಕೆಲಸ. ಆಗುಂಬೆಯ ಮಳೆ ಹಂಚಿಕೊಂಡಿರುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಾದರೊಂದು ಕಡೆ ಸಂಪರ್ಕ ಹೋಗದ ವಾರವಿಲ್ಲ. ಕೇಬಲ್ ಹೋಗುವುದೇ ಕರೆಂಟ್ ಕಂಬಗಳ ಮೇಲೆ ಮತ್ತು ಅಡಿಕೆ ತೋಟಗಳ ಅಂಚಿನಲ್ಲಾದ್ದರಿಂದ, ಒಂದು ಹಲಸಿನ ಕೊಂಬೆ ಮುರಿದು ಬಿದ್ದರೆ ಮೂರು ಊರಿನ ನೆಟ್ ಒಟ್ಟಿಗೆ ನಿಲ್ಲುತ್ತದೆ. ಇದನ್ನು ಇಲ್ಲಿಯ ಜನ ಅರ್ಥ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ ಸಂಸಾರ ನಡೆಸಿದವರು ಅವರು. ಅವರಿಗೆ ಸಹಿಸಲಾಗದ್ದು, ಸಹಿಸಬೇಕಾಗಿಯೂ ಇಲ್ಲದ್ದು, ಏನಾಗಿದೆ ಎಂದು ತಿಳಿಯದೆ ದಿನವಿಡೀ ಕಾಯುವುದು.

ಇದು ನನಗೆ ಸರಿಯಾಗಿ ಮನವರಿಕೆಯಾದದ್ದು ಎರಡು ಮಳೆಗಾಲಗಳ ಹಿಂದೆ. ಒಂದು ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಹೊಳೆಯಾಚೆಯ ಮೂರು ಊರುಗಳ ಸಂಪರ್ಕ ಹೋಯಿತು. ಅಂಥ ಹೊತ್ತಿಗೆಂದು ಬಹಳ ಕಾಲದಿಂದ ಇಟ್ಟುಕೊಂಡಿದ್ದ ಸಂದೇಶವನ್ನೇ ನಾನು ಎಲ್ಲರಿಗೂ ಕಳುಹಿಸಿದೆ: “ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯವಾಗಿದೆ. ಶೀಘ್ರದಲ್ಲೇ ಸರಿಪಡಿಸಲಾಗುವುದು. ದಯವಿಟ್ಟು ಸಹಕರಿಸಿ.” ದುರಸ್ತಿ ಮುಗಿದಾಗ ಸಂಜೆ ಆರೂವರೆ. 2020ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದು, ಇಲ್ಲಿಂದಲೇ ಕಂಪನಿ ಕೆಲಸ ಮಾಡಿಕೊಂಡಿರುವ ಗ್ರಾಹಕರೊಬ್ಬರು ಮರುದಿನ ಕಚೇರಿಗೆ ಬಂದರು. ದನಿ ಏರಿಸಲಿಲ್ಲ. “ಅಲ್ಲ ಮಾರಾಯ್ರೇ, ಲೈನ್ ಹೋಗಿದ್ದಕ್ಕೆ ನಿಮ್ಮನ್ನು ಯಾರು ಬೈತಾರೆ? ಸಂಜೆಯಾಗ್ತದೆ ಅಂತ ಬೆಳಿಗ್ಗೆಯೇ ಹೇಳಿದ್ದರೆ ಬೈಕ್ ತಗೊಂಡು ಹೋಗಿ ಪೇಟೆಯ ಭಾವನ ಮನೆಯಲ್ಲಿ ಕೂತು ಕೆಲಸ ಮಾಡ್ತಿದ್ದೆ. ನೀವು ಶೀಘ್ರದಲ್ಲೇ ಅಂದಿರಿ, ನಾನು ನಂಬಿ ಕೂತೆ” ಎಂದರು. ಅವರ ಒಂದು ದಿನದ ರಜೆ ಹೋಗಿತ್ತು. ನಾನು ಕಳುಹಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಓದಿದವರು ತಮ್ಮ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ನಿರ್ಧರಿಸಲು ಬೇಕಾದ ಒಂದು ಮಾತೂ ಅದರಲ್ಲಿರಲಿಲ್ಲ. ಗ್ರಾಹಕರಿಗೆ ಹೋಗುವ ಪ್ರತಿಯೊಂದು ಸುದ್ದಿಯನ್ನು ಅಂದಿನಿಂದ ನಾನು ಈ ಒಂದೇ ಅಳತೆಗೋಲಿನಲ್ಲಿ ಅಳೆಯುತ್ತಿದ್ದೇನೆ.

ಆ ಬೆಳಿಗ್ಗೆ ನಮಗೇ ಏನೂ ಗೊತ್ತಿರಲಿಲ್ಲವೇ ಎಂದರೆ, ಸಾಕಷ್ಟು ಗೊತ್ತಿತ್ತು. ಕಚೇರಿಯಲ್ಲಿರುವ ಓಎಲ್‌ಟಿ ಎಂಬ ಯಂತ್ರದಿಂದ ಹೊರಟ ಒಂದೇ ಎಳೆ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು ಅರುವತ್ತರಷ್ಟು ಮನೆಗಳನ್ನು ಮುಟ್ಟುತ್ತದೆ, ಮತ್ತು ಪ್ರತಿ ಮನೆಯ ಇಂಟರ್ನೆಟ್ ಪೆಟ್ಟಿಗೆ ಯಾವ ಸ್ಥಿತಿಯಲ್ಲಿದೆ ಎಂಬುದು ನಮಗೆ ಪರದೆಯ ಮೇಲೆ ಕಾಣುತ್ತದೆ. ಮನೆಯಲ್ಲಿ ಕರೆಂಟ್ ಹೋದರೆ ಆ ಪೆಟ್ಟಿಗೆಯು ಪೂರ್ತಿ ಆರುವ ಮುನ್ನ, ತನ್ನೊಳಗೆ ಉಳಿದ ಅಷ್ಟಿಷ್ಟು ವಿದ್ಯುತ್ತಿನಿಂದ, ಕೊನೆಯ ಸಂಕೇತವೊಂದನ್ನು ಕಳುಹಿಸುತ್ತದೆ. ಇದಕ್ಕೆ ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಕೇಬಲ್ ತುಂಡಾದಾಗ ಆ ಸಂಕೇತ ಬರುವುದಿಲ್ಲ. ಬೆಳಕು ಒಮ್ಮೆಲೇ ಇಲ್ಲವಾಗುತ್ತದೆ, ಮನೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗತೊಡಗುತ್ತದೆ. ಒಂದು ಪೋರ್ಟಿನ, ಅಂದರೆ ಯಂತ್ರದಿಂದ ಹೊರಟ ಒಂದೇ ಎಳೆಯ, ಅಷ್ಟೂ ಮನೆಗಳು ಯಾವ ಸಂಕೇತವೂ ಇಲ್ಲದೆ ಒಂದೇ ಕ್ಷಣದಲ್ಲಿ ಹೋದವೆಂದರೆ ಮುಖ್ಯ ಕೇಬಲ್ಲೇ ತುಂಡಾಗಿದೆ ಎಂದು ಕಚೇರಿಯಲ್ಲಿ ಕುಳಿತೇ ಹೇಳಬಹುದು. ಕೇಬಲ್ಲಿನೊಳಗೆ ಬೆಳಕು ಹಾಯಿಸಿ ನೋಡುವ ಓಟಿಡಿಆರ್ ಎಂಬ ಉಪಕರಣವನ್ನು ಜೋಡಿಸಿದರೆ ಎಷ್ಟು ದೂರದಲ್ಲಿ ಎಂಬುದೂ ತಿಳಿಯುತ್ತದೆ. ಅಂದು ಅದು ತೋರಿಸಿದ್ದು 7.3 ಕಿಲೋಮೀಟರ್. ಕಂಬಗಳಲ್ಲಿ ಸುತ್ತಿಟ್ಟಿರುವ ಹೆಚ್ಚುವರಿ ಕೇಬಲ್ಲನ್ನು ಕಳೆದರೆ ರಸ್ತೆಯ ಲೆಕ್ಕದಲ್ಲಿ ಆರೂವರೆ, ಅಂದರೆ ಸೇತುವೆ ದಾಟಿದ ಮೇಲಿನ ತಿರುವು. ಆ ತಿರುವಿನಲ್ಲಿ, ಆ ಮಳೆಯಲ್ಲಿ, ಬಿದ್ದ ಮರ ತೆಗೆದು 24 ಎಳೆಯ ಕೇಬಲ್ ಜೋಡಿಸುವುದಕ್ಕೆ ಮಧ್ಯಾಹ್ನವಂತೂ ದಾಟುತ್ತದೆ ಎಂಬುದು ನಮ್ಮ ಹುಡುಗರಿಗೆ ಒಂಬತ್ತರ ಒಳಗೇ ಗೊತ್ತಿತ್ತು. ಅವರು ನನಗೆ ಹೇಳಿಯೂ ಇದ್ದರು. ನಾನು ಯಾರಿಗೂ ಹೇಳಲಿಲ್ಲ.

ಈಗ ಅಂಥದೇ ದಿನ ಬಂದರೆ ನಾನು ಕಳುಹಿಸುವ ಸಂದೇಶ ಹೀಗಿರುತ್ತದೆ: “ಬೆಳಿಗ್ಗೆ 9.10. ಸೇತುವೆಯಾಚೆಯ ಮೂರು ಊರುಗಳ ಮುಖ್ಯ ಕೇಬಲ್ ಮರ ಬಿದ್ದು ತುಂಡಾಗಿದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ದೋಷವಿಲ್ಲ, ರೀಸೆಟ್ ಮಾಡಬೇಡಿ. ಮಧ್ಯಾಹ್ನ ಮೂರಕ್ಕೆ ಮೊದಲು ಸರಿಯಾಗುವುದಿಲ್ಲ. ಮುಂದಿನ ಸುದ್ದಿ 11.30ಕ್ಕೆ.” ರೀಸೆಟ್‌ನ ಮಾತನ್ನು ಸೇರಿಸಿದ್ದಕ್ಕೆ ಕಾರಣವಿದೆ. ಏನಾಗಿದೆ ಎಂದು ತಿಳಿಯದ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ನೋಡುತ್ತಾನೆ, ಅದರಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗುತ್ತವೆ, ಕೇಬಲ್ ಸರಿಯಾದ ಮೇಲೂ ಅವನ ಮನೆಗೆ ನೆಟ್ ಬರುವುದಿಲ್ಲ. ಆ ಮಳೆಗಾಲದ ದುರಸ್ತಿಯ ನಂತರ ಇದೊಂದೇ ಕಾರಣಕ್ಕೆ ನಾವು ಹನ್ನೊಂದು ಮನೆಗಳಿಗೆ ಹೋಗಬೇಕಾಯಿತು. ಇನ್ನು, “ಮೂರಕ್ಕೆ ಸರಿಯಾಗುತ್ತದೆ” ಎನ್ನುವುದಕ್ಕಿಂತ “ಮೂರಕ್ಕೆ ಮೊದಲು ಸರಿಯಾಗುವುದಿಲ್ಲ” ಎನ್ನುವುದು ಕೇಳುವುದಕ್ಕೆ ಕಹಿಯಾದರೂ ಹೆಚ್ಚು ಉಪಯೋಗದ್ದು, ಏಕೆಂದರೆ ಅದನ್ನು ನಾವು ಖಚಿತವಾಗಿ ಹೇಳಬಲ್ಲೆವು, ಓದಿದವರು ಅದನ್ನು ನಂಬಿ ಪೇಟೆಗೆ ಹೊರಡಬಲ್ಲರು. 11.30ಕ್ಕೆ ಹೇಳುತ್ತೇವೆ ಎಂದ ಮೇಲೆ ಹೊಸದೇನೂ ಇಲ್ಲದಿದ್ದರೂ 11.30ಕ್ಕೆ ಬರೆಯಲೇಬೇಕು. “ಮರ ಇನ್ನೂ ತೆರವಾಗಿಲ್ಲ, ಲೈನ್‌ಮನ್‌ಗಾಗಿ ಕಾಯುತ್ತಿದ್ದೇವೆ” ಎಂಬುದೂ ಸುದ್ದಿಯೇ.

ಸಂದೇಶದ ಮೊದಲಿಗೇ ಗಂಟೆ ಹಾಕುವುದು ನಮ್ಮ ಕಡೆಯ ಹಳ್ಳಿಗಳಲ್ಲಿ ತೀರಾ ಮುಖ್ಯ. ಇಲ್ಲಿಯ ಎಷ್ಟೋ ಮನೆಗಳ ಒಳಗೆ ಮೊಬೈಲ್ ಸಿಗ್ನಲ್ ಇಲ್ಲ. ಫೈಬರ್ ಬಂದ ಮೇಲೆ ವೈಫೈ ಕರೆಯಿಂದಲೇ ಅವರ ಫೋನ್ ನಡೆಯುತ್ತಿದೆ. ಹಾಗಾಗಿ ಕೇಬಲ್ ತುಂಡಾದಾಗ ಯಾರಿಗೆ ಸುದ್ದಿ ಮುಟ್ಟಬೇಕೋ ಅವರನ್ನೇ ತಲುಪುವ ದಾರಿ ಮುಚ್ಚಿರುತ್ತದೆ. ಅವರು ಸಿಗ್ನಲ್ ಸಿಗುವ ದಿಬ್ಬಕ್ಕೋ ಬಸ್ ಸ್ಟ್ಯಾಂಡಿಗೋ ಬಂದಾಗ ಮೂರು ಗಂಟೆ ಹಿಂದಿನ ಸಂದೇಶ ಆಗ ಬಂದಿಳಿಯುತ್ತದೆ. “ಇನ್ನೊಂದು ಗಂಟೆಯಲ್ಲಿ” ಎಂದು ನಾನು ಒಂಬತ್ತಕ್ಕೆ ಬರೆದದ್ದನ್ನು ಅವರು ಹನ್ನೆರಡಕ್ಕೆ ಓದಿದರೆ ಅದು ಅವರ ಮಟ್ಟಿಗೆ ತಪ್ಪು ಮಾಹಿತಿ. ಇದಕ್ಕೆ ನಾವು ಕಂಡುಕೊಂಡ ಇನ್ನೊಂದು ಉಪಾಯವೆಂದರೆ ಹಾಲಿನ ಡೈರಿಯ ಬೋರ್ಡು. ದುರಸ್ತಿಗೆ ಹೊರಟ ಹುಡುಗರು ದಾರಿಯಲ್ಲಿ ಡೈರಿಯ ಮುಂದೆ ಜೀಪು ನಿಲ್ಲಿಸಿ, ಅದೇ ನಾಲ್ಕು ಸಾಲನ್ನು ಸೀಮೆಸುಣ್ಣದಲ್ಲಿ ಬರೆದು ಮುಂದೆ ಹೋಗುತ್ತಾರೆ. ಬೆಳಿಗ್ಗೆ, ಸಂಜೆ ಹಾಲು ಹಾಕಲು ಊರಿಗೆ ಊರೇ ಅಲ್ಲಿ ಸೇರುವುದರಿಂದ, ಬೋರ್ಡು ನೋಡಿದವರು ಪಕ್ಕದ ಮನೆಗೂ ಹೇಳುತ್ತಾರೆ.

ನಮ್ಮ ಸ್ವಂತ ವ್ಯವಸ್ಥೆಯಲ್ಲಿಯೂ ಇದೇ ದೋಷವಿತ್ತು. ದೂರಿನ ದೂರವಾಣಿ ನಮ್ಮದೇ ಇಂಟರ್ನೆಟ್ ಮೇಲೆ ಓಡುತ್ತಿತ್ತು, ಕಚೇರಿಯ ವಾಟ್ಸ್‌ಆ್ಯಪ್ ಕಚೇರಿಯ ವೈಫೈ ಮೇಲೆ. ನಮಗೆ ಬ್ಯಾಂಡ್‌ವಿಡ್ತ್ ಒದಗಿಸುವವರ ಲೈನನ್ನು ಹೆದ್ದಾರಿ ಅಗಲ ಮಾಡುವ ಜೆಸಿಬಿ ಕಿತ್ತ ದಿನ ಎರಡೂ ಒಟ್ಟಿಗೆ ಸತ್ತವು. ದೊಡ್ಡವರಿಗೂ ಹೀಗಾಗಿದೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆ ಕುಸಿದಾಗ, ಸೇವೆಗಳ ಸ್ಥಿತಿ ತೋರಿಸುವ ಅದರ ಪುಟವೂ ಅದೇ ಎಸ್3ಯನ್ನು ನೆಚ್ಚಿಕೊಂಡಿದ್ದರಿಂದ ಕೆಲ ಗಂಟೆ ಆ ಪುಟವನ್ನು ಬದಲಿಸಲಾಗಲಿಲ್ಲ, ಕಂಪನಿ ಟ್ವಿಟರ್‌ನಲ್ಲಿ ಸುದ್ದಿ ಹೇಳಬೇಕಾಯಿತು. ಕೆನಡಾದಲ್ಲಿ 2022ರ ಜುಲೈ 8ರಂದು ರೋಜರ್ಸ್ ಎಂಬ ದೂರಸಂಪರ್ಕ ಕಂಪನಿಯ ಜಾಲ ನಿಂತು 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡಾಗ, ಅದನ್ನು ಸರಿಪಡಿಸಬೇಕಾದ ಸಿಬ್ಬಂದಿಯ ಫೋನುಗಳೂ ಅದೇ ಜಾಲದಲ್ಲಿದ್ದವು. ನಾವು ಈಗ ದೂರಿನ ಸಂಖ್ಯೆಯನ್ನು ಸಾಮಾನ್ಯ ಸಿಮ್‌ಗೆ ಬದಲಿಸಿದ್ದೇವೆ, ಹುಡುಗರಿಬ್ಬರ ಬಳಿಯೂ ಬೇರೆ ಬೇರೆ ಕಂಪನಿಯ ಎರಡೆರಡು ಸಿಮ್ ಇವೆ. ತಿಂಗಳಿಗೆ ಕೆಲವು ನೂರು ರೂಪಾಯಿಯ ಖರ್ಚು ಇದು, ಅದಕ್ಕಿಂತ ಸಾರ್ಥಕವಾದ ಖರ್ಚು ನಮ್ಮ ಲೆಕ್ಕಪುಸ್ತಕದಲ್ಲಿ ಬೇರೆ ಇಲ್ಲವೆಂದು ನಾನು ತಿಳಿದಿದ್ದೇನೆ.

ಸುದ್ದಿ ಹೇಳುವ ಕೆಲಸ ಕಚೇರಿಯದ್ದೇ ಆಗಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಸೇತುವೆಯ ತಿರುವಿನಲ್ಲಿ ಅಂದು ಕಂಡದ್ದೇ ಕಾರಣ. ಜೀಪಿನ ಹಿಂಬದಿಗೆ ಟಾರ್ಪಾಲು ಕಟ್ಟಿ, ಅದರಡಿಯಲ್ಲಿ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇಟ್ಟುಕೊಂಡು, ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಒಂದೊಂದೇ ಎಳೆಯನ್ನು ಬಿಡಿಸಿ, ಸ್ಪಿರಿಟ್‌ನಿಂದ ಒರೆಸಿ, ಕತ್ತರಿಸಿ, ಮಷಿನ್ನಿನೊಳಗೆ ಕೂರಿಸುವುದು ನಮ್ಮ ಹುಡುಗರ ಕೆಲಸ. ಬಣ್ಣದ ಹೊದಿಕೆ ಸುಲಿದ ಮೇಲೆ ಉಳಿಯುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಒಂದು ಹನಿ ನೀರು, ಒಂದು ಕಣ ಧೂಳು ತಗಲಿದರೂ ಜೋಡಣೆ ಕೆಡುತ್ತದೆ, ಮತ್ತೆ ಸುಲಿಯಬೇಕು. ಅಂದು ಎಳೆ ಜೋಡಿಸುತ್ತಿದ್ದ ಹುಡುಗನ ಜೇಬಿನಲ್ಲಿ ಫೋನ್ ಬಿಡದೆ ಬಡಿದುಕೊಳ್ಳುತ್ತಿತ್ತು. ಪ್ರತಿ ಕರೆಗೂ ಕೈ ಒರೆಸಿಕೊಂಡು “ಆಗ್ತಾ ಉಂಟು ಅಣ್ಣಾ, ಈಗ ಆಯ್ತು” ಎನ್ನುತ್ತಿದ್ದ. ನಾನು ಹೇಳಬೇಕಾದ್ದನ್ನು ಹೇಳದೇ ಇದ್ದುದರಿಂದ ಬಂದ ಕರೆಗಳು ಅವು. ಈಗ ದುರಸ್ತಿಯ ಹೊತ್ತಿನಲ್ಲಿ ಅವರ ಸಂಖ್ಯೆಗೆ ಬರುವ ಗ್ರಾಹಕರ ಕರೆಗಳೆಲ್ಲ ನನಗೆ ಬರುತ್ತವೆ. ಗಂಟೆಗೊಮ್ಮೆ ನಾನೇ ಅವರನ್ನು ಕೇಳುತ್ತೇನೆ.

ಎಲ್ಲರಿಗಿಂತ ಮೊದಲು ನಾನು ಕರೆ ಮಾಡುವುದು ಆ ಭಾಗದ ಗ್ರಾಮ ಒನ್ ಕೇಂದ್ರಕ್ಕೆ, ಏಕೆಂದರೆ ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಎಂದು ಬಸ್ಸು ಹತ್ತಿ ಬರುವವರಿಗೆ ಅಲ್ಲಿಂದಲೇ ತಿಳಿಯಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮದಂತೆ, ಇಡೀ ಜಿಲ್ಲೆಯ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಕಂಪನಿಗಳು 24 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ನಮ್ಮ ಮೂರು ಊರು ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿಯವರಿಗೆ ತಿಳಿಸುವವರು ನಾವಲ್ಲದೆ ಇನ್ನಾರೂ ಇಲ್ಲ.

ಸರಿಯಾದ ಮೇಲೆ ಕಳುಹಿಸುವ ಸಂದೇಶದಲ್ಲಿಯೂ ಒಂದು ಎಚ್ಚರ ಬೇಕು. ಮುಖ್ಯ ಕೇಬಲ್ ಜೋಡಿಸಿದೊಡನೆ “ಎಲ್ಲ ಸರಿಯಾಗಿದೆ” ಎಂದು ಬರೆಯುವ ಆತುರವಿರುತ್ತದೆ. ಆದರೆ ಅದೇ ಗಾಳಿಗೆ ಕಂಬದಿಂದ ಮನೆಗೆ ಹೋಗುವ ಸಣ್ಣ ಕೇಬಲ್ಲೂ ಎಲ್ಲೋ ಕಡಿದಿರುತ್ತದೆ, ಅಂಥ ಮನೆಯವರು ಊರಿಗೆಲ್ಲ ಬಂದದ್ದು ತಮಗೆ ಮಾತ್ರ ಬರಲಿಲ್ಲವೆಂದು ಹಿಂಜರಿದು ಸುಮ್ಮನಿರುತ್ತಾರೆ. ಆದ್ದರಿಂದ ಈಗ “ಸಂಜೆ 6.40. ಮುಖ್ಯ ಕೇಬಲ್ ಸರಿಯಾಗಿದೆ. ಕೆಂಪು ದೀಪ ಇನ್ನೂ ಮಿನುಗುತ್ತಿದ್ದರೆ ಈ ಸಂಖ್ಯೆಗೆ ತಿಳಿಸಿ, ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತೇವೆ” ಎಂದು ಬರೆಯುತ್ತೇನೆ. ಕಳೆದ ವಾರ ಅದಕ್ಕೆ ಎರಡು ಮನೆಗಳಿಂದ ಉತ್ತರ ಬಂತು. ಮರುದಿನ ಎಂಟಕ್ಕೆ ಹುಡುಗರು ಮೊದಲನೆಯ ಮನೆಯ ಅಂಗಳದಲ್ಲಿದ್ದರು, ಎರಡನೆಯ ಮನೆಗೆ ಒಂಬತ್ತೂವರೆಯಾಗುತ್ತದೆ ಎಂದು ನಾನು ಏಳೂಮುಕ್ಕಾಲಿಗೇ ತಿಳಿಸಿದ್ದೆ.